5 ಎಕರೆ 52 ಗುಂಟೆ

ಗುಂಟೆ ಎಂಬುದು 39ಕ್ಕೆ ನಿಲ್ಲುವ ಲೆಕ್ಕ. ಅದರ ಮೇಲೆ ಇನ್ನೊಂದು ಸೇರಿತೋ, ನಲವತ್ತೂ ಕೂಡಿ ಒಂದು ಎಕರೆಯಾಗಿ ಎಡಗಡೆಯ ಮನೆಗೆ ಹೋಗಿಬಿಡುತ್ತವೆ. ಜಮೀನಿನ ಕಾಗದ ಬರೆಯುವವರಿಗೆ ಇದು ಉಸಿರಾಟದಷ್ಟು ರೂಢಿ. ಹೀಗಾಗಿ ಕಳೆದ ಫೆಬ್ರುವರಿಯ ಒಂದು ಮಧ್ಯಾಹ್ನ ನನ್ನ ಮೇಜಿಗೆ ಬಂದ ಕರಡಿನಲ್ಲಿ "ಒಟ್ಟು ಕ್ಷೇತ್ರ 5 ಎಕರೆ 52 ಗುಂಟೆ" ಎಂಬ ಸಾಲು ಕಂಡಾಗ ಊಟದ ನಡುವೆ ಹಲ್ಲಿಗೆ ಹರಳು ಸಿಕ್ಕಂತಾಯಿತು.

ನಾನು ಜಮಖಂಡಿಯಲ್ಲಿ ಪತ್ರ ಬರಹಗಾರಳು. ಜನರ ಬಾಯಲ್ಲಿ ಬಾಂಡ್ ರೈಟರ್. ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಬಕ್ಷೀಸು ಪತ್ರ, ಮೃತ್ಯುಪತ್ರ, ಹಕ್ಕು ಬಿಟ್ಟುಕೊಟ್ಟ ಪತ್ರ, ಹೀಗೆ ಭೂಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಬೇಕಾಗುವ ಕಾಗದಗಳನ್ನೆಲ್ಲ ಬರೆಯುತ್ತೇನೆ. ಅಪ್ಪ ಬರೆಯುತ್ತಿದ್ದ ಮೇಜಿಗೇ ನಾನು ಬಂದು ಕುಳಿತು 19 ವರ್ಷವಾಯಿತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ. ಧೂಳು ಕೂರದಿರಲಿ ಎಂದು ಅದಕ್ಕೆ ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸುತ್ತೇನೆ. ಮೇಜಿನ ಕುಂಟುಗಾಲಿಗೆ ಅಪ್ಪ ಇಟ್ಟಿದ್ದ ಇಟ್ಟಿಗೆಯ ಚೂರು ಮಾತ್ರ ಇನ್ನೂ ಅದೇ.

ಅಂದು ಬಂದವರು ಅಣ್ಣತಮ್ಮಂದಿರಿಬ್ಬರು, ಜೊತೆಗೆ ಅಣ್ಣನ ಮಗ. ಹುಡುಗ ಪುಣೆಯಲ್ಲಿ ಇಂಜಿನಿಯರ್. ಹೊಲದ ವಾಟ್ನಿ ಮಾಡಿಕೊಳ್ಳುವುದಿತ್ತು. "ಎಐ ಕೈಯಲ್ಲಿ ಪೂರ್ತಿ ಬರೆಸಿಕೊಂಡು ಬಂದಿದ್ದೇನೆ ಅಕ್ಕಾ, ನೀವು ನೋಂದಣಿಗೆ ಹಾಕಿಸಿಕೊಟ್ಟರೆ ಸಾಕು" ಎಂದು ನಾಲ್ಕು ಪುಟ ಮುಂದಿಟ್ಟ. ಭಾಷೆ ಎಷ್ಟು ನಯವಾಗಿತ್ತೆಂದರೆ ಮೊದಲ ಎರಡು ಪುಟ ಓದುತ್ತ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಉಭಯ ಪಕ್ಷಗಳು ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಬುದ್ಧಿ ಸ್ವಾಧೀನದಲ್ಲಿರುವಾಗ... ಎಲ್ಲ ಇತ್ತು. ಮೂರನೆಯ ಪುಟದಲ್ಲಿ ಹರಳು.

ಎರಡು ಸರ್ವೆ ನಂಬರು. ಒಂದು 3 ಎಕರೆ 27 ಗುಂಟೆ, ಇನ್ನೊಂದು 2 ಎಕರೆ 25 ಗುಂಟೆ. ಕೂಡಿದರೆ 6 ಎಕರೆ 12 ಗುಂಟೆ. ಕರಡು 5 ಎಕರೆ 52 ಗುಂಟೆ ಎನ್ನುತ್ತಿತ್ತು. ಅದನ್ನು ಇಬ್ಬರಿಗೆ ಹಂಚಿ ತಲಾ 2 ಎಕರೆ 76 ಗುಂಟೆ ಎಂದು ಬೇರೆ ಬರೆದಿತ್ತು.

"ಎಕರೆಗೆ ಎಷ್ಟು ಗುಂಟೆ ತಮ್ಮಾ?" ಎಂದು ಕೇಳಿದೆ. ಹುಡುಗ ಅಪ್ಪನ ಮುಖ ನೋಡಿದ. ಅವರು "ನಲವತ್ತು" ಎಂದರು. ಕಣ್ಣು ಕಾಗದದ ಮೇಲಿತ್ತು.

ಆ ಕಾಕಾ ಬಾಳೆಲ್ಲ ಅದೇ ಹೊಲ ಉತ್ತವರು. ಬದುವಿನ ಮೇಲೆ ನಡೆದು ಹೆಜ್ಜೆ ಎಣಿಸಿ ಇಷ್ಟು ಗುಂಟೆ ಎಂದು ಹೇಳಬಲ್ಲವರು. ಹಿಂದಿನ ರಾತ್ರಿ ಮಗನ ಕೈಯಲ್ಲಿ ಆ ಕರಡನ್ನು ಮೂರು ಸಲ ಓದಿಸಿ ಕೇಳಿದ್ದರಂತೆ. 52 ಗುಂಟೆ ಎಂದು ಕಿವಿಗೆ ಬಿದ್ದಾಗ ಏನೂ ಅನ್ನಿಸಲಿಲ್ಲವೇ ಕಾಕಾ ಎಂದೆ. "ಅನ್ನಿಸಿತು ತಂಗಿ. ಕಂಪ್ಯೂಟರ್ ಹೇಳುತ್ತಿದೆ, ಈಗ ಹೊಸ ಲೆಕ್ಕ ಬಂದಿರಬೇಕು ಅಂದುಕೊಂಡೆ."

ಈ ಉತ್ತರ ನನ್ನನ್ನು ಈಗಲೂ ಬಿಟ್ಟಿಲ್ಲ. ಹುಡುಗನಿಗೆ ಗೊತ್ತಿರಲಿಲ್ಲ, ಸರಿ. ಯಂತ್ರದ ತಪ್ಪೂ ಅರ್ಥವಾಗುವಂಥದ್ದೇ.  ಹುಡುಗ 3 ಎಕರೆ 27 ಗುಂಟೆಯನ್ನು ನಡುವೆ ಚುಕ್ಕೆ ಇಟ್ಟು 3.27 ಎಂದು ಒತ್ತಿದ್ದ. ಜಗತ್ತಿನಲ್ಲಿ ಬರೆದಿಟ್ಟ ರಾಶಿ ರಾಶಿ ಪಠ್ಯ ನುಂಗಿ, ಯಾವುದರ ಹಿಂದೆ ಯಾವುದು ಬರುವ ಸಂಭವ ಹೆಚ್ಚು ಎಂದು ಕಲಿತ ಯಂತ್ರಕ್ಕೆ ಚುಕ್ಕೆ ಕಂಡರೆ ದಶಮಾಂಶವೇ. ಗುಂಟೆಯ ಲೆಕ್ಕ ಹೆಚ್ಚಾಗಿ ಬಿದ್ದಿರುವುದು ದಫ್ತರದ ಕಪಾಟುಗಳಲ್ಲಿ, ಕೆಂಪು ಅರಿವೆಯ ಗಂಟುಗಳಲ್ಲಿ. ಆದರೆ ಈ ಕಾಕಾನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೊಸ್ತಿಲಾಚೆ ಚಪ್ಪಲಿ ಬಿಟ್ಟಂತೆ ಬಿಟ್ಟು ಒಳಗೆ ಬಂದಿದ್ದರು.

ಇದು ಹೊಸ ಕಥೆಯೂ ಅಲ್ಲ. ಕೈಬರಹದ ಉತಾರ, ಅಂದರೆ ಪಹಣಿ, ಹೋಗಿ ಕಂಪ್ಯೂಟರ್ ಉತಾರ ಬಂದ ಹೊಸತರಲ್ಲಿ ಒಬ್ಬ ಮುತ್ಯಾ ಅಪ್ಪನ ಹತ್ತಿರ ಬಂದಿದ್ದ. ಅವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಅಚ್ಚಾಗಿತ್ತು. ಅದನ್ನು ತಿದ್ದಿಸಿಕೊಡಿ ಎಂದು ಕೇಳಲಿಲ್ಲ ಅವನು. "ಇನ್ನು ಮೇಲೆ ನಾನು ಇದೇ ಹೆಸರಿನಲ್ಲಿ ಸಹಿ ಮಾಡಬೇಕೇನು?" ಎಂದು ಕೇಳಿದ. ಅಪ್ಪ ನಕ್ಕಿರಲಿಲ್ಲ. ನಾನು ನಕ್ಕಿದ್ದೆ.

ಅಪ್ಪನಿಗೆ ಲೆಕ್ಕ ಎಂದರೆ ಭಕ್ತಿ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಊರು, 1948ರಲ್ಲಿ ವಿಲೀನವಾಯಿತು. ಸಂಸ್ಥಾನದ ಕಾಲದ ಮಾಸ್ತರರ ಕೈಯಲ್ಲಿ ಕಲಿತವರು ಅಪ್ಪನಿಗೆ ಪಾವಕಿ, ನಿಮಕಿ, ದೀಡಕಿ ಎಂದು ಕಾಲು, ಅರ್ಧ, ಒಂದೂವರೆಯ ಮಗ್ಗಿಗಳನ್ನು ಕುಟ್ಟಿ ಕಲಿಸಿದ್ದರು. ಗುಂಟೆ ಯಾಕೆ ನಲವತ್ತು ಎಂದು ಕೇಳಿದಾಗ ಅಪ್ಪ ನನ್ನನ್ನು ಅಂಗಳಕ್ಕೆ ಕರೆದೊಯ್ದು ಹಗ್ಗ ಹಿಡಿಸಿದ್ದರು. ಮುಂಬಯಿ ಪ್ರಾಂತದ ಸರ್ವೆಯವರ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಗುಂಟೆ, ಅಂದರೆ 1,089 ಚದರ ಅಡಿ. ಅಂಥವು 40 ಸೇರಿದರೆ 43,560 ಚದರ ಅಡಿಯ ಎಕರೆ. ನಮ್ಮ ಅಂಗಳ ಒಂದು ಗುಂಟೆಗೂ ಸಾಲದೆ ಹಗ್ಗ ಹಿಡಿದು ಹಿತ್ತಲಿನ ಗೋಡೆಗೆ ಬೆನ್ನು ತಾಗಿಸಿ ನಿಂತದ್ದು ನೆನಪಿದೆ. ಅಂದಿನಿಂದ ಗುಂಟೆ ನನಗೆ ಅಂಕಿಯಾಗಿ ಉಳಿಯಲಿಲ್ಲ. ಬೆನ್ನಿಗೆ ತಾಗುವ ಗೋಡೆಯಾಯಿತು.

52 ಗುಂಟೆ ಒಂದು ರೀತಿಯಲ್ಲಿ ಒಳ್ಳೆಯ ತಪ್ಪು. ಕೂಗಿ ಕರೆಯುತ್ತದೆ. ನನಗೆ ಭಯ ಹುಟ್ಟಿಸುವುದು ಸುಮ್ಮನೆ ಕೂರುವ ತಪ್ಪು. 7 ಎಕರೆಯನ್ನು ಇಬ್ಬರಿಗೆ ಹಂಚಿ ಎಂದರೆ 3.5 ಬರುತ್ತದೆ. ಯಾರೋ ಅದನ್ನು 3 ಎಕರೆ 5 ಗುಂಟೆ ಎಂದು ಬರೆಯುತ್ತಾರೆ. ನೋಡಲು ಎಷ್ಟು ಸಭ್ಯವಾಗಿದೆ! ಬರಬೇಕಾದದ್ದು 3 ಎಕರೆ 20 ಗುಂಟೆ. ಒಬ್ಬೊಬ್ಬರಿಗೆ 15, ಒಟ್ಟು 30 ಗುಂಟೆ ಗಾಳಿಗೆ ಹೋಯಿತು. ಇಂಥದ್ದೊಂದು ಕರಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಾಲಾಗುವ ಹೊಲ ಅಳೆದು ಮಾಡುವ 11ಇ ನಕ್ಷೆಗೆ ಸರ್ವೆಯರ್ ಬಂದಾಗ ಗೊತ್ತಾಗಿಯೇ ಆಗುತ್ತಿತ್ತು, ನಿಜ. ಆದರೆ ಅಷ್ಟರಲ್ಲಿ ಒಬ್ಬ ಇನ್ನೊಬ್ಬನಿಗೆ ಹಣ ಕೊಟ್ಟು ಮುಗಿದಿರುತ್ತದೆ, ನಡುವೆ ಬದು ಬಿದ್ದಿರುತ್ತದೆ. 1989ರಲ್ಲಿ ರೈತರೇ ಕೂಡಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿಕೊಂಡ ಸೀಮೆ ಇದು. ನೀರು ಬಂದ ಮೇಲೆ ಕಬ್ಬಿನ ನೆಲದಲ್ಲಿ ಒಂದು ಗುಂಟೆಗೂ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ.

ಲೆಕ್ಕ ತಿದ್ದುವುದು ಐದು ನಿಮಿಷದ ಕೆಲಸ. ಅಂದು ನಾನು ಪೆನ್ನಿನ ಟೊಪ್ಪಿಗೆ ಮುಚ್ಚಿದ್ದು ಬೇರೆ ಕಾರಣಕ್ಕೆ. "ಕಾಕಾ, ನಿಮಗೆ ಅಕ್ಕತಂಗಿಯರು ಇಲ್ಲವೇ?"

ಮೂವರೂ ಸುಮ್ಮನಾದರು. ಹೊರಗೆ ಝೆರಾಕ್ಸ್ ಅಂಗಡಿಯವನು ಯಾರದೋ ಆಧಾರ್ ಕಾರ್ಡಿನ ಪ್ರತಿಗೆ ಕೂಗುತ್ತಿದ್ದ. ಕೊನೆಗೆ ತಮ್ಮ ಬಾಯಿ ಬಿಟ್ಟರು: "ಒಬ್ಬಳಿದ್ದಾಳೆ. ಅಥಣಿ ಕಡೆಗೆ ಕೊಟ್ಟಿದೆ."

ಹುಡುಗ ಅಲ್ಲೇ ಮೊಬೈಲ್ ತೆಗೆದು ಕೇಳಿದ. ಯಂತ್ರ ಥಟ್ಟನೆ ಹೇಳಿತು: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಅದಕ್ಕೆ 2005ರ ತಿದ್ದುಪಡಿ, ಆ ವರ್ಷದ ಸೆಪ್ಟೆಂಬರ್ 9ರಿಂದ ಜಾರಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಎಲ್ಲ ಸರಿ. ನಾನು ಹೇಳಿದ್ದರೂ ಇಷ್ಟು ಚೊಕ್ಕವಾಗಿ ಹೇಳುತ್ತಿರಲಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಅದು ಮೊದಲೇ ಯಾಕೆ ಹೇಳಲಿಲ್ಲ?" ಎಂದ ಹುಡುಗ.

"ನೀನು ಏನೆಂದು ಕೇಳಿದ್ದೆ?"

"ಇಬ್ಬರು ಅಣ್ಣತಮ್ಮಂದಿರ ನಡುವೆ ವಾಟ್ನಿ ಪತ್ರ ಬರೆ ಅಂತ."

ಕೇಳಿದ್ದನ್ನು ಬರೆದುಕೊಟ್ಟಿದೆ. ನಮ್ಮ ಕಸುಬಿನಲ್ಲಿ ಅರ್ಧ ಕೆಲಸ ಕಾಗದದಲ್ಲಿ ಯಾರ ಹೆಸರಿದೆ ಎಂದು ನೋಡುವುದು. ಇನ್ನರ್ಧ ಯಾರ ಹೆಸರಿಲ್ಲ ಎಂದು ನೋಡುವುದು. ಅಪ್ಪ ಎದುರಿಗೆ ಕುಳಿತವರನ್ನು ಎಣಿಸಿ, ಆಮೇಲೆ ಬಾರದವರನ್ನು ಎಣಿಸುತ್ತಿದ್ದರು. ಒಂದು ಮಾತು ಸೇರಿಸಿಬಿಡುತ್ತೇನೆ, ಯಾರಾದರೂ ಬೇಸರ ಮಾಡಿಕೊಂಡರೂ ಸರಿ: ತಂಗಿಯ ಹೆಸರು ಹುಡುಗನಿಗೆ ಮರೆತಿರಬಹುದು, ಆ ಅಣ್ಣತಮ್ಮಂದಿರಿಗೆ ಮರೆತಿರಲಿಲ್ಲ. ಮೊದಲು ಇಂಥ ಕಾಗದಕ್ಕೆ ಬರುವವರು ನನ್ನ ಕಣ್ಣು ತಪ್ಪಿಸುತ್ತಿದ್ದರು, ಮಾತು ತಡವರಿಸುತ್ತಿದ್ದರು. ಈಗ ನಾಲ್ಕು ಪುಟದ ನಯವಾದ ಭಾಷೆ ಅವರ ಪರವಾಗಿ ಮಾತಾಡುತ್ತದೆ. ಅದಕ್ಕೆ ತಡವರಿಕೆ ಇಲ್ಲ, ಕಣ್ಣೂ ಇಲ್ಲ.

ಹಾಗೆಂದು ನಾನು ಬೇರೆಯವರ ತಪ್ಪು ಹುಡುಕುತ್ತ ಕುಳಿತ ಜಾಣೆಯಲ್ಲ. ಆ ಯಂತ್ರವನ್ನು ನಾನೂ ದಿನಾ ಬಳಸುತ್ತೇನೆ. ಮಹಾರಾಷ್ಟ್ರದ ಕಡೆಯಿಂದ ಬರುವ ಮರಾಠಿ ಕಾಗದದ ಸಾರ ತಿಳಿಯಲು, ಉದ್ದ ಅರ್ಜಿಯನ್ನು ಮೊಟಕು ಮಾಡಲು ಅದರಷ್ಟು ಚುರುಕಾದ ಆಳು ನನಗೆ ಸಿಕ್ಕಿಲ್ಲ. ಕಳೆದ ವರ್ಷ ಒಂದು ವಂಶಾವಳಿಯನ್ನೂ ಅದರ ಕೈಗೆ ಕೊಟ್ಟೆ. ನಮ್ಮ ಕಡೆ ಮೊಮ್ಮಗನಿಗೆ ಮುತ್ಯಾನ ಹೆಸರಿಡುವ ರೂಢಿ. ನಿಜ ಹೆಸರು ಬಿಟ್ಟು ಹೇಳುವುದಾದರೆ, ಯಲ್ಲಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗ ಮತ್ತೆ ಯಲ್ಲಪ್ಪ, ಅವನ ಮಗ ಮತ್ತೆ ನಿಂಗಪ್ಪ. ನಾಲ್ಕು ತಲೆಮಾರಿಗೆ ಎರಡೇ ಹೆಸರು. ಗೀಚಿದ ಚೀಟಿ ನೋಡಿ ಅಂದವಾಗಿ ಬರೆದುಕೊಡು ಎಂದೆ. ಬರೆದುಕೊಟ್ಟಿತು. ಸಂಜೆಯಾಗಿತ್ತು, ಕಣ್ಣು ಉರಿಯುತ್ತಿದ್ದವು, ಮೇಲಿಂದ ಕೆಳಗೆ ಒಮ್ಮೆ ನೋಡಿ ಸರಿ ಎಂದುಕೊಂಡೆ.

ಅಪ್ಪನ ಒಂದು ಪದ್ಧತಿಯನ್ನು ಬಿಟ್ಟಿಲ್ಲವಾದ್ದರಿಂದ ಬದುಕಿದೆ. ಬರೆದ ಕಾಗದವನ್ನು ಹೆಬ್ಬೆಟ್ಟು ಒತ್ತುವವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವರು ಹೂಂ ಎನ್ನಬೇಕು, ಆಮೇಲೆಯೇ ಶಾಯಿ. ಮರುದಿನ ಓದತೊಡಗಿದೆ. ಆ ಮನೆಯ ಹಿರಿಯಳು ಗೋಡೆಗೆ ಒರಗಿ ಕುಳಿತು ಹೂಂಗುಡುತ್ತಿದ್ದಳು. ಅರ್ಧಕ್ಕೆ ಹೂಂ ನಿಂತಿತು. "ನನ್ನ ಗಂಡ ಎಲ್ಲಿ ಹೋದ?" ಎಂದಳು.

ಗಂಡ ಹೋಗಿದ್ದ. ಒಂದೇ ಹೆಸರು ಎರಡು ಸಲ ಬಂದದ್ದು ಕೈತಪ್ಪು ಎಂದು ತಿಳಿದು ಯಂತ್ರ ಒಂದು ಇಡೀ ತಲೆಮಾರನ್ನೇ ಅಳಿಸಿ ಉಳಿದವರನ್ನು ಚೊಕ್ಕವಾಗಿ ಜೋಡಿಸಿತ್ತು. ನಾನು ಹೂಂ ಎಂದ ಕಡೆ ಅಕ್ಷರ ಬಾರದ ಆ ಹೆಂಗಸು ಹೂಂ ಎನ್ನಲಿಲ್ಲ. ಅವಳು ಕಾಗದ ಕೇಳುತ್ತಿರಲಿಲ್ಲ, ಮನೆಯ ಜನರನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡುತ್ತಿದ್ದಳು. ನನಗೆ ಆ ದಿನ ಮಧ್ಯಾಹ್ನದ ರೊಟ್ಟಿ ಇಳಿಯಲಿಲ್ಲ.

ಅಷ್ಟರ ಮೇಲೂ ಬುದ್ಧಿ ಬಂತೇ? ಕೆಲವು ತಿಂಗಳ ಹಿಂದೆ ಸಂಸ್ಥಾನದ ಕಾಲದ ಒಂದು ಕಾಗದ ಬಂತು, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ. ಲೇಖಣಿ ಎತ್ತದೆ, ಪದದ ನಡುವೆ ಬಿಡುವಿಲ್ಲದೆ ಒಂದೇ ಓಟದಲ್ಲಿ ಬರೆದ ಅಕ್ಷರ. ಅಪ್ಪ ಓದುತ್ತಿದ್ದರು, ನನಗೆ ಬಾರದು. ಫೋಟೊ ತೆಗೆದು ಯಂತ್ರಕ್ಕೆ ಹಾಕಿದೆ. ಒಂದು ಗಳಿಗೆಯಲ್ಲಿ ಕನ್ನಡದ ಸಾರ ಬಂತು: ಇನಾಮು, ಬಾವಿ, ನಾಲ್ಕು ದಿಕ್ಕಿನ ಚಕ್ಕುಬಂದಿ. ಕೇಳಲು ಚೆನ್ನಾಗಿತ್ತು. ಮೋಡಿ ಬಲ್ಲ ನಿವೃತ್ತ ಮಾಸ್ತರರೊಬ್ಬರ ಮನೆಗೆ ಒಯ್ದೆ. ಅವರು ಭೂತಗನ್ನಡಿ ಹಿಡಿದು ಓದಿ, ಇದು ಎತ್ತಿನ ಸಾಲದ ಚೀಟಿ, ಇದರಲ್ಲಿ ಜಮೀನಿನ ಸುದ್ದಿಯೇ ಇಲ್ಲ ಎಂದರು. ಗುಂಟೆಯ ತಪ್ಪು ಕಂಡದ್ದು ನನಗೆ ಗುಂಟೆ ಗೊತ್ತಿದ್ದರಿಂದ. ಮೋಡಿಯಲ್ಲಿ ನಾನೂ ಆ ಪುಣೆಯ ಹುಡುಗನೇ. ಸಾರದ ದನಿ ಮಾತ್ರ ಎರಡೂ ಕಡೆ ಒಂದೇ ಆಗಿತ್ತು, ಅದೇ ಭರವಸೆ, ಅದೇ ನಯ.

ನ್ಯೂಯಾರ್ಕಿನಲ್ಲಿ 2023ರಲ್ಲಿ ಇಬ್ಬರು ವಕೀಲರಿಗೆ ಆದದ್ದೂ ಇದೇ. ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ನ್ಯಾಯಾಲಯಕ್ಕೆ ಕೊಟ್ಟರು. ಆ ತೀರ್ಪುಗಳು ಎಲ್ಲಿಯೂ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ಅದನ್ನು ಓದುವಾಗ ನನಗೆ ನಗು ಬಂದದ್ದು ಒಂದು ಕಡೆ: ಒಬ್ಬ ವಕೀಲ ಅನುಮಾನ ಬಂದು ಇದು ನಿಜವಾದ ಪ್ರಕರಣವೇ ಎಂದು ಕೇಳಿದ್ದ. ಕೇಳಿದ್ದು ಮತ್ತೆ ಚಾಟ್‌ಜಿಪಿಟಿಯನ್ನೇ. ಅದು ಹೌದು ಎಂದಿತ್ತು.

ಅಣ್ಣತಮ್ಮಂದಿರು ಹೋದ ಮೇಲೆ ಕುತೂಹಲಕ್ಕೆ ನಾನೂ ಕುಳಿತೆ. ಎಕರೆಗೆ 40 ಗುಂಟೆ ಎಂದು ಮೊದಲೇ ತಿಳಿಸಿ ಅದೇ ಲೆಕ್ಕ ಕೊಟ್ಟೆ. 6 ಎಕರೆ 12 ಗುಂಟೆ ಎಂದಿತು. ಸರಿ. ಸುಮ್ಮನೆ ಕೆಣಕಿದೆ: "ತಪ್ಪು, 6 ಎಕರೆ 10 ಗುಂಟೆ ಆಗಬೇಕು." ತಕ್ಷಣ ಕ್ಷಮೆ ಕೇಳಿತು. ನೀವು ಹೇಳಿದ್ದೇ ಸರಿ, 6 ಎಕರೆ 10 ಗುಂಟೆ ಎಂದಿತು. ಮರುದಿನ ಮತ್ತೆ ಹಾಗೆಯೇ ಕೆಣಕಿದಾಗ ಒಪ್ಪಲಿಲ್ಲ, ಬಿಡಿಸಿ ತೋರಿಸಿತು. ಅದರಿಂದಲೂ ನನಗೆ ಸಮಾಧಾನವಾಗಲಿಲ್ಲ. ಸೋಮವಾರ ಒಂದು ಹೇಳಿ ಮಂಗಳವಾರ ಇನ್ನೊಂದು ಹೇಳುವ ಸಾಕ್ಷಿಯನ್ನು ಯಾರು ನಂಬುತ್ತಾರೆ? ಅಪ್ಪನ ಕಾಲದಲ್ಲಿ ಊರ ದೊಡ್ಡ ಮನುಷ್ಯರೊಬ್ಬರು ಪೂರ್ವದ ಚಕ್ಕುಬಂದಿಯಲ್ಲಿ ಹಳ್ಳ ಎಂದಿದ್ದನ್ನು ಹಳ್ಳದ ಆಚೆ ದಂಡೆ ಎಂದು ಬರೆಯಲು ಹೇಳಿದ್ದರು. ಅಪ್ಪ ಹಾಗೆ ಬರೆಯದೆ ಎರಡು ದಿನ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತರು. ಆ ವರ್ಷ ನನಗೆ ದೀಪಾವಳಿಗೆ ಹೊಸ ಲಂಗ ಬರಲಿಲ್ಲ. ಆಗ ಸಿಟ್ಟು ಬಂದಿತ್ತು.

ಒಂಬತ್ತು ದಿನದ ಮೇಲೆ ಅವರು ತಂಗಿಯನ್ನು ಕರೆದುಕೊಂಡು ಬಂದರು. ಅಷ್ಟರಲ್ಲಿ ಮನೆಯಲ್ಲಿ ಏನು ನಡೆಯಿತೋ ನಾನು ಕೇಳಲಿಲ್ಲ. ತಮ್ಮನ ಕಣ್ಣು ಊದಿದ್ದವು. ಮೂರು ಪಾಲು ಎಂದು ಒಪ್ಪಿಕೊಂಡಿದ್ದರು. 6 ಎಕರೆ 12 ಗುಂಟೆ ಎಂದರೆ 252 ಗುಂಟೆ, ಮೂವರಿಗೆ ತಲಾ 84, ಅಂದರೆ 2 ಎಕರೆ 4 ಗುಂಟೆ. ಅಪ್ಪನಿಂದ ಬಂದ ಪ್ರಶ್ನೆಗಳನ್ನೆಲ್ಲ ಕೇಳಿದೆ: ಬಾವಿ ಯಾರಿಗೆ, ಮೋಟರಿನ ಪಾಳಿ ಹೇಗೆ, ಹಿಂದಿನ ಹೊಲಕ್ಕೆ ಬಂಡಿ ಹೋಗುವ ದಾರಿ ಎಷ್ಟು ಅಗಲ, ಬದುವಿನ ಮಾವು ಯಾರದು. ಹೊಸ ಕರಡು ಮಾಡಿ, ನಕ್ಷೆಗೆ ಅರ್ಜಿ ಹಾಕುವ ಮೊದಲು ಗಟ್ಟಿಯಾಗಿ ಓದಿದೆ. ಅಣ್ಣ ಹೂಂ ಎಂದರು, ತಮ್ಮ ಹೂಂ ಎಂದರು. ತಂಗಿ ಬಸ್ ಟಿಕೆಟನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು.

"ಅವ್ವ ಅಪ್ಪನ ಸಮಾಧಿ ಯಾರ ಪಾಲಿಗೆ ಬಂತು?" ಎಂದಳು.

ಯಾರೂ ಮಾತಾಡಲಿಲ್ಲ. ಹೊಲದ ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ಇಬ್ಬರನ್ನೂ ಮಣ್ಣು ಮಾಡಿದ್ದರು. ನಮ್ಮ ಕಡೆ ಲಿಂಗಾಯತರ ಎಷ್ಟೋ ಹೊಲಗಳಲ್ಲಿ ಇದು ಇರುವುದೇ. 19 ವರ್ಷದಲ್ಲಿ ನೂರಾರು ವಾಟ್ನಿ ಪತ್ರ ಬರೆದಿದ್ದೇನೆ. ಈ ಪ್ರಶ್ನೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅಪ್ಪನ ಪಟ್ಟಿಯಲ್ಲೂ ಇರಲಿಲ್ಲ, ಅವರ ಮೇಜಿನ ಮುಂದೆ ಪಾಲು ಕೇಳಿ ಕುಳಿತವರು ಹೆಚ್ಚಾಗಿ ಗಂಡಸರೇ.

ಸ್ವಲ್ಪ ಹೊತ್ತು ಮಾತಾಗಿ, ಗಿಡ ಮತ್ತು ಅಲ್ಲಿಗೆ ಹೋಗುವ ದಾರಿ ಸೇರಿ 3 ಗುಂಟೆಯನ್ನು ಮೂವರ ಸಾಮಾಯಿಕದಲ್ಲಿ ಇಡುವುದೆಂದು ಆಯಿತು. ಹಾಗಾದರೆ ಪಾಲು ಮತ್ತೆ ಲೆಕ್ಕ ಹಾಕಬೇಕು. ಹುಡುಗನ ಕೈ ಜೇಬಿಗೆ ಹೋಯಿತು, ಅರ್ಧದಲ್ಲಿ ನಿಂತಿತು. ಮೇಜಿನ ಮೇಲಿದ್ದ ಹಳೆಯ ಕರಡನ್ನು ಬೋರಲು ಹಾಕಿ, ನನ್ನ ಪೆನ್ನು ಎತ್ತಿಕೊಂಡು ಹಿಂಬದಿಯಲ್ಲಿ ಬರೆದ: 252ರಲ್ಲಿ 3 ಹೋದರೆ 249. ಮೂರರಿಂದ ಭಾಗಿಸಿದರೆ 83. ಎಂಬತ್ತು ಎಂದರೆ 2 ಎಕರೆ, ಉಳಿದದ್ದು 3. ತಲಾ 2 ಎಕರೆ 3 ಗುಂಟೆ.

ಸೋದರತ್ತೆ ಆ ಅಂಕಿಗಳನ್ನೇ ನೋಡುತ್ತಿದ್ದಳು. "ಇನ್ನೊಮ್ಮೆ ಕೂಡಿಸು ಅಪ್ಪಿ" ಎಂದಳು.

ಅವನು ಕೆಳಗಿನಿಂದ ಮೇಲಕ್ಕೆ ಕೂಡಿಸತೊಡಗಿದ.